ಹಾರುವವನ ಕಂಬಳಿ

ಗೊಂಬೆ ಸಂಗ್ರಹಿಸುವ ಹುಚ್ಚು ಹತ್ತಿಸಿಕೊಂಡವರಿಗೆ ನಾನು ಮೊದಲು ಹೇಳುವ ಮಾತು ಇದು: ಮಾಲು ಬಂದ ದಿನವೇ ಒಂದನ್ನು ಎತ್ತಿಡಿ. ಸಗಟು ಅಂಗಡಿಯವನು ಆಣೆ ಇಟ್ಟು ಹೇಳಿದರೂ ನಂಬಬೇಡಿ, ಮುಂದಿನ ಸಲ ಅದೇ ಗೊಂಬೆ ಬರುವುದಿಲ್ಲ. ಡಬ್ಬಿಯ ಮೇಲಿನ ಹೆಸರು ಅದೇ ಇರುತ್ತದೆ, ಒಳಗಿರುವವನು ಬೇರೆಯಾಗಿರುತ್ತಾನೆ.

ಇದನ್ನು ಕಲಿಯುವ ಹೊತ್ತಿಗೆ ನನ್ನ ಮೊದಲನೆಯವನು ಕೈಬಿಟ್ಟು ಹೋಗಿದ್ದ. ಆಗ ನನಗೆ ಅಂಗಡಿ ಇರಲಿಲ್ಲ. ಹಿರಿಯೂರು ಸಂತೆಯಲ್ಲಿ ಟಾರ್ಪಾಲು ಹಾಸಿ ಬಾಚಣಿಗೆ, ಪಿನ್ನು, ರಿಬ್ಬನ್ನು ಮಾರುತ್ತಿದ್ದೆ. ಹಳ್ಳಿಗಳಿಗೆ ಟಿವಿ ಬಂದು ನೆಲೆಯೂರಿದ್ದ ಕಾಲ. ಒಂದು ಸಲದ ಗಂಟಿನಲ್ಲಿ ಹಾರುವ ವೀರನ ಗೊಂಬೆಗಳು ಬಂದವು. ಎಲೆಹಸಿರು ಮೈ, ಎದೆಯ ತುಂಬ ಸೂರ್ಯ, ಬೆನ್ನಿಗೆ ಹಳದಿ ಬಟ್ಟೆಯ ಹೊದಿಕೆ. ಮುಖದಲ್ಲಿ ಪಕ್ಕದ ಮನೆಯವನು ಕುಡುಗೋಲು ಕೇಳಲು ಬಂದಾಗ ಇರುವಂಥ ಸಣ್ಣ ನಗು. ಜನ 'ಹಾರೋ ಮನ್ಷ' ಅಂದರು. ಬಿಸಿಲು ಇಳಿಯುವುದರೊಳಗೆ ಎಲ್ಲ ಖಾಲಿ. ಒಂದನ್ನೂ ಉಳಿಸಿಕೊಳ್ಳಲಿಲ್ಲ. ಊಟಕ್ಕೆ ದುಡಿಯುವವನು ಗೊಂಬೆ ಎತ್ತಿಡುತ್ತಾನೆಯೇ?

ಆಮೇಲೆ ಚಿತ್ರದುರ್ಗದಲ್ಲಿ ಅಂಗಡಿ ಹಿಡಿದೆ. ಹಾರುವವನು ಮತ್ತೆ ಬಂದ. ಈ ಸಲ ಭುಜ ಪೈಲ್ವಾನನದು, ಹೊದಿಕೆ ಪ್ಲಾಸ್ಟಿಕ್ಕಿನದು. ಕೆಲವು ವರ್ಷ ಕಳೆದು ಬಂದವನ ಮುಖದಲ್ಲಿ ನಗು ಇರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ಹಸಿರು ಕಪ್ಪಾಗಿ ಬಾವಿಯ ಪಾಚಿಯಂತಾಗಿತ್ತು. ಇನ್ನೂ ಆಮೇಲೆ ಬಂದವನಿಗೆ ಅದೇ ಗಂಟಿಕ್ಕಿದ ಹುಬ್ಬು, ಬಿಗಿದ ಬಾಯಿ, ಹೊದಿಕೆಯೇ ಇಲ್ಲ. ಮೈತುಂಬ ಲಾರಿ ಬಿಡಿಭಾಗಗಳಂಥ ತಗಡು, ಸೂರ್ಯ ಅಂಗಿಗುಂಡಿಯಷ್ಟು. ಎರಡನೆಯ ಕಂತಿನಿಂದಲೇ ಒಂದೊಂದನ್ನು ಎತ್ತಿಟ್ಟಿದ್ದೆ. ಮೂವರನ್ನೂ ಸಾಲಾಗಿ ನಿಲ್ಲಿಸಿ ನೋಡಿದಾಗ ಬೆರಗಾಯಿತು. ಎಲ್ಲೋ ದೂರದ ಕೋಣೆಯಲ್ಲಿ ಕೂತ ಯಾರೋ, ಇನ್ನು ಮುಂದೆ ಮಕ್ಕಳಿಗೆ ಸಿಟ್ಟಿನವನೇ ಬೇಕು ಎಂದು ತೀರ್ಮಾನಿಸಿದ್ದರು. ಅದಕ್ಕಿಂತ ದೊಡ್ಡ ಬೆರಗು ಮಕ್ಕಳದು. ಮುಖ, ಮೈ, ಬಣ್ಣ ಎಲ್ಲ ಬದಲಾದರೂ ಅವರು ಒಂದು ಸಲವೂ "ಇವನ್ಯಾರು?" ಅನ್ನಲಿಲ್ಲ. ಯಾವುದರಿಂದ ಗುರುತು ಹಿಡಿಯುತ್ತಿದ್ದರು?

ಮೊದಲನೆಯವನನ್ನು ಪಕ್ಕಕ್ಕೆ ನಿಲ್ಲಿಸಿದರೆ ತಿಳಿದೀತು ಅನಿಸಿತು. ಸಾಲಿನ ತಲೆಯಲ್ಲಿ ಅವನಿಗೆ ಜಾಗ ಬಿಟ್ಟೆ. ಆ ಖಾಲಿ ಜಾಗ ನನ್ನನ್ನು ಹೊಸದುರ್ಗ, ಹೊಳಲ್ಕೆರೆಯ ಸಂತೆಗಳನ್ನೆಲ್ಲ ಸುತ್ತಿಸಿತು. ಕೊನೆಗೆ ಸುದ್ದಿ ತಂದವನು ಹಳ್ಳಿ ತಿರುಗುವ ಗುಜರಿಯವನು.

"ಜವನಗೊಂಡನಹಳ್ಳಿ ಕಡೆ ಒಂದು ಕುರಿಯೋರ ಮನೇಲಿ ಐತಣ್ಣ. ಹೊಸ ಪ್ಲಾಸ್ಟಿಕ್ ಕೊಡ ಕೊಡ್ತೀನಿ ಅಂದೆ. ಆ ಅಜ್ಜಿ ನನ್ನೇ ತಕ್ಕಡಿಗೆ ಹಾಕೋ ಹಂಗೆ ನೋಡಿದ್ಲು."

ನನ್ನ ಮೂವರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ವ್ಯಾಪಾರಕ್ಕೆ ಹೋಗುವವರು ನೆನಪಿಡಬೇಕು: ಬೇಕಾದ ವಸ್ತುವಿನ ಕಡೆ ಕಣ್ಣು ಹಾಯಿಸಬಾರದು. ಕಣ್ಣು ಹೋದರೆ ಬೆಲೆ ಏರಿತು. ಅಜ್ಜಿ "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದರು. ನೀರು ಕೇಳಿದೆ. ಮಳೆಯ ಮಾತಾಡಿದೆ. ದೇವರ ಪಕ್ಕದ ಗೋಡೆಗೂಡಿನಲ್ಲಿ ಏನೋ ನಿಂತಿದ್ದು ಒಳಗೆ ಬರುವಾಗಲೇ ಕಂಡಿತ್ತು. ಆ ಕಡೆ ತಿರುಗಲಿಲ್ಲ.

"ಎಷ್ಟು ಕುರಿ ಅವೆ ಅಜ್ಜಿ?"

"ಕುರಿ ಎಣಿಸಿ ಹೇಳಬಾರ್ದು, ಅವೆ ಅಷ್ಟೇ. ನೀನು ಕುರಿ ಕೇಳಾಕೆ ಬಂದಂಗಿಲ್ಲ ಕಣಪ್ಪ. ಬಂದಾಗಿಂದ ಆ ಗೂಡೊಂದು ಬಿಟ್ಟು ಮನೆಯೆಲ್ಲಾ ನೋಡ್ತಿದೀಯ."

ಇಷ್ಟು ವರ್ಷದ ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಇಬ್ಬರೂ ನಕ್ಕೆವು. ಅಜ್ಜಿಯೇ ಎದ್ದು ಅವನನ್ನು ತಂದು ನನ್ನ ಮುಂದಿಟ್ಟರು.

ಒಂದು ಕೈ ಮುರಿದಿತ್ತು. ಹಸಿರು ಮಾಸಿ ಒಣಹುಲ್ಲಿನ ಬಣ್ಣವಾಗಿತ್ತು. ಎದೆಯ ಸೂರ್ಯ ಅಳಿಸಿಹೋಗಿ ಅಲ್ಲಿ ಭಂಡಾರದ ಅರಿಸಿನ ಮೆತ್ತಿತ್ತು. ಹಳದಿ ಹೊದಿಕೆಯ ಜಾಗದಲ್ಲಿ ಗೇಣುದ್ದದ ಕರಿಕಂಬಳಿ. ಅದನ್ನು ಬೆನ್ನಿಗೆ ಇಳಿಬಿಟ್ಟಿರಲಿಲ್ಲ. ಮಳೆಯಲ್ಲಿ ಕುರಿಗಾರರು ತಲೆಯ ಮೇಲೆ ಹಾಕಿಕೊಳ್ಳುವ ಕೊಪ್ಪೆಯಂತೆ ಮಡಚಿ, ಹಣೆಯವರೆಗೆ ಎಳೆದಿದ್ದರು. ನಾನು ಕೈ ಚಾಚಿದವನು ಮುಟ್ಟದೆ ಕೂತೆ. ನಾನೇ ಸಂತೆಯಲ್ಲಿ ಮಾರಿದ್ದವನು ನನಗೇ ದೊಡ್ಡವನಾಗಿ ಕಂಡ.

"ನನ್ನ ಮಗ ಚಿಕ್ಕೋನು ಆಗ," ಎಂದರು ಅಜ್ಜಿ. "ಕುರಿ ಹೊಡ್ಕಂಡು ಹೋದಾಗ ಬಯಲಾಗೆ ಮಲಗ್ತಿದ್ವಿ. ಇವನ ಹಳದಿ ಬಟ್ಟೆ ಹರಿದಿತ್ತು. ಅವನಿಗೆ ಚಳಿ ಆಗ್ತೈತೆ ಅಂತ ಒಂದೇ ಅಳು. ನಮ್ಮ ಮಾವನ ಹಳೇ ಕಂಬಳಿ ಅಂಚು ಕತ್ತರಿಸಿ ಹೊದಿಸಿದೆ."

"ಆ ಬಟ್ಟೆ ಹಾರಾಕೆ ಅಜ್ಜಿ."

"ಹಾರಾಕೆ ಬಟ್ಟೆ ಯಾಕಪ್ಪ? ಮಲಗಾಕೆ ಬೇಕು."

ಆ ಮಗ ಈಗ ಕುರಿ ಹಿಂದೆ ಹೋಗಿದ್ದಾನೆ, ಮೊಮ್ಮಗ ಮುರಿದ ಕೈಯವನು ಬೇಡ ಎಂದು ಹಟ ಮಾಡುತ್ತಾನೆ ಎಂದರು. ಗುಜರಿಯವನಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ. "ಅವನು ಕೊಡ ತಂದಿದ್ದ. ಆಳಿಗೆ ಆಳು ಕೊಟ್ರೆ ಸರಿ. ಕೊಡ ತಗಂಡು ಗೂಡಲ್ಲಿ ನಿಲ್ಲಿಸ್ಲೇನು?"

ನನ್ನ ಮೂವರನ್ನೂ ಕಂಬಳಿಯ ಮೇಲೆ ಸಾಲಾಗಿ ನಿಲ್ಲಿಸಿದೆ. ಅಜ್ಜಿ ಪೈಲ್ವಾನನನ್ನು ಎತ್ತಿ, "ಇವನು ಉಂಡು ಮಲಗೋನು" ಎಂದು ಕೆಳಗಿಟ್ಟರು. ಸಿಟ್ಟಿನವನನ್ನು ನೋಡಿ, "ಇವನಿಗೆ ಯಾರು ಏನಂದ್ರು?" ತಗಡಿನವನನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು. ಬೆನ್ನು ಸವರಿದರು. "ಇವನಿಗೆ ಹೊದಿಯಾಕೆ ಏನೂ ಇಲ್ಲ. ಇವನೇ ಇರ್ಲಿ."

ಅಂಥ ತಗಡಿನವನು ಬೇಕಾದರೆ ನನಗೆ ಇನ್ನೊಬ್ಬ ಸಿಗುತ್ತಾನೆ. ವ್ಯಾಪಾರ ಕುದುರಿತು ಎಂದು ಮೊದಲನೆಯವನನ್ನು ಎತ್ತಿಕೊಳ್ಳಲು ಹೋದೆ. ಅಜ್ಜಿ ತಡೆದು, ಕತ್ತಿನ ಹತ್ತಿರದ ದಾರ ಬಿಚ್ಚಿ, ಕಂಬಳಿ ತೆಗೆದುಕೊಂಡು, ಬರಿಮೈಯವನನ್ನು ನನ್ನ ಕೈಗೆ ಕೊಟ್ಟರು.

"ಕಂಬಳಿ ಸೇರಿಸಿ ಕೊಡ್ರಿ ಅಜ್ಜಿ. ಈ ಸಿಟ್ಟಿನವನನ್ನೂ ಇಟ್ಕಳ್ರಿ."

"ಎತ್ತು ಮಾರಿದೋರು ಹಗ್ಗ ಕೊಡ್ತಾರೇನಪ್ಪ? ಕುರಿ ಕೊಟ್ರೂ ಒಂದು ಚೂರು ಉಣ್ಣೆ ಕಿತ್ಕಂಡೇ ಕಳಿಸ್ತೀವಿ. ಇಲ್ಲಾಂದ್ರೆ ಮನೆ ಕಳೆ ಅದ್ರ ಹಿಂದೆ ಹೋಗ್ತೈತೆ."

ಮೂವರನ್ನೂ ಇಟ್ಟುಕೊಳ್ಳಿ ಎಂದೆ. ಅವರು ತಗಡಿನವನಿಗೆ ಕಂಬಳಿ ಹೊದಿಸಿ, ಕೊಪ್ಪೆ ಮಡಚಿ, ಹುಬ್ಬಿನ ಮೇಲೆ ಎಳೆದರು. ಗಂಟಿಕ್ಕಿದ ಹುಬ್ಬು ಮುಚ್ಚಿಹೋಯಿತು. ತಗಡುಗಳೂ ಗುಂಡಿಯಷ್ಟಿದ್ದ ಸೂರ್ಯನೂ ಕಾಣದಾದವು. ಕಂಡದ್ದು ಗಲ್ಲ ಮತ್ತು ಬಾಯಿ ಮಾತ್ರ. ಕಂಪನಿಯವರು ಸಿಟ್ಟಿಗೆಂದು ಬಿಗಿದಿದ್ದ ಆ ಬಾಯಿ, ಕಂಬಳಿಯ ನೆರಳಿನಲ್ಲಿ, ಜಡಿಮಳೆಯಲ್ಲಿ ಕುರಿ ಕಾಯುತ್ತ ನಿಂತವನ ಬಾಯಿಯಾಯಿತು.

ಅಜ್ಜಿ ಅವನನ್ನು ಗೂಡಿನಲ್ಲಿ ನಿಲ್ಲಿಸಿ, ಕಂಬಳಿಯ ಸಂದಿಯಲ್ಲಿ ಎದೆಗೆ ಭಂಡಾರ ಹಚ್ಚಿ, ಹಿಂದೆ ಸರಿದು ನೋಡಿದರು.

"ನೋಡು, ಈಗ ಅವನೇ."

ನಾನು ಚೌಕಾಸಿ ಮುಂದುವರಿಸಲಿಲ್ಲ. ಮಕ್ಕಳು ಅವನನ್ನು ಯಾವುದರಿಂದ ಗುರುತು ಹಿಡಿಯುತ್ತಾರೆ ಎಂಬ ನನ್ನ ಪ್ರಶ್ನೆಗೆ ಉತ್ತರ ಆ ಗೂಡಿನಲ್ಲಿ ನಿಂತಿತ್ತು, ಅದನ್ನು ಚೀಲಕ್ಕೆ ಹಾಕಿಕೊಂಡು ಬರುವ ದಾರಿ ನನಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಮೊದಲನೆಯವನನ್ನು ಹೊರತೆಗೆದೆ. ಮುರಿದ ಕೈಯ ತೂತಿನಲ್ಲಿ ಕರಿ ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು. ಮಾರಿದವರು ಉಳಿಸಿಕೊಳ್ಳಬೇಕಾದ್ದು ಕೊಂಡವನ ಜೊತೆ ಬಂದುಬಿಟ್ಟಿತ್ತು. ಮುಂದಿನ ಸಂತೆಯ ದಿನ ಅದನ್ನು ಹಿಂತಿರುಗಿಸಲು ಹೋದೆ. ಅಜ್ಜಿ ಬೆರಳಲ್ಲಿ ಹೊಸೆದು ನೋಡಿ ಮತ್ತೆ ನನ್ನ ಅಂಗೈಗೇ ಹಾಕಿದರು. "ಅವನು ಬರಿಮೈಯಲ್ಲಿ ಹೋದ್ನಲ್ಲಪ್ಪ, ಇರ್ಲಿ."

ಸಾಲಿನ ತಲೆಯ ಜಾಗ ಈಗ ತುಂಬಿದೆ. ಗೊಂಬೆ ನೋಡಲು ಬಂದವರಿಗೆ ಯಾವುದನ್ನು ಬೇಕಾದರೂ ಕೈಗೆ ಕೊಡುತ್ತೇನೆ. ಮೊದಲನೆಯವನನ್ನು ಮಾತ್ರ ನಾನೇ ಹಿಡಿದು ತೋರಿಸುತ್ತೇನೆ, ಎಳೆ ಬಿದ್ದುಹೋಗದ ಹಾಗೆ.