ಮೂವರು ಒಡೆಯರ ಸಲಹೆಗಾರ

ಕಳೆದ ವಾರ ಇಲ್ಲಿ ಕುವೈತಿನ ಅಂಗಡಿಯೊಂದರಲ್ಲಿ ಯಾರೋ ಚೀನಾದ ಮಲ್ಲಿಗೆ ಚಹಾದ ಡಬ್ಬಿ ಬೀಳಿಸಿದರು. ಎಲೆಗಳು ನೆಲದ ತುಂಬ ಚೆಲ್ಲಿ ಘಮ್ಮೆಂದಿತು. ನಾನು ಟ್ರಾಲಿ ಹಿಡಿದು ಅಲ್ಲೇ ನಿಂತುಬಿಟ್ಟೆ... ಅಂಕಲ್ ನೆನಪಾದರು.

ಅವರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಶುವೈಖ್‌ನ ನಮ್ಮ ಗೋದಾಮು ಕಂಪನಿಯ ಮಾಲೀಕರಿಗೆ ಸೆಕ್ರೆಟರಿ. ನಾನು ಹಾಸನದಿಂದ ಬಂದಿದ್ದ ಹೊಸ ಸ್ಟೋರ್‌ಕೀಪರ್. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಬ್ನೇದ್ ಅಲ್ ಗಾರ್ ಬಡಾವಣೆಯ ಒಂದೇ ಕಟ್ಟಡದಲ್ಲಿದ್ದೆವು. ಬೆಳಿಗ್ಗೆ ಕಂಪನಿಯ ವ್ಯಾನಿನಲ್ಲಿ ಫ್ಲಾಸ್ಕಿನಿಂದ ಮಲ್ಲಿಗೆ ಚಹಾ ಬಗ್ಗಿಸಿ ಕೊಡುತ್ತ, ದಿನಕ್ಕಿಷ್ಟರಂತೆ ಕಥೆ ಹೇಳುತ್ತಿದ್ದರು. ಚಹಾದ ರುಚಿಯನ್ನೂ ಕಥೆಯನ್ನೂ ಅವರಿಗೆ ಕೊಟ್ಟವನು ಬಂದರಿಗೆ ಬಂದಿದ್ದ ಹಡಗೊಂದರ ಚೀನೀ ಅಡುಗೆಯವನಂತೆ.

ಪುರಾತನ ಚೀನಾದಲ್ಲಿ ಚಕ್ರವರ್ತಿಯ ಮಾತು ನಡೆಯದೆ, ದಂಡನಾಯಕರು ಒಂದೊಂದು ಸೀಮೆ ಹಿಡಿದು ಕಾದಾಡುತ್ತಿದ್ದ ಕಾಲ. ಬಡ ಗುಮಾಸ್ತನೊಬ್ಬ ಅವರಲ್ಲೊಬ್ಬನ ಆಸ್ಥಾನದಲ್ಲಿ ಸಲಹೆಗಾರನಾದ. ಆ ಒಡೆಯ ಅವನ ಮಾತು ಕೇಳದೆ ಕೋಟೆಯನ್ನೂ ಪ್ರಾಣವನ್ನೂ ಕಳೆದುಕೊಂಡ. ಎರಡನೆಯ ಒಡೆಯ ಕೇಳಿ ಗೆದ್ದ. ಗೆದ್ದ ಮೇಲೆ, ಇಷ್ಟು ಬುದ್ಧಿಯಿರುವವನು ನಾಳೆ ನನ್ನನ್ನೇ ಕೆಡವಿಯಾನೆಂದು ಹೆದರಿ ಓಡಿಸಿದ. ಮೂರನೆಯವನು ಹಿಮ ಸುರಿಯುವಾಗ ಸೈನ್ಯವನ್ನು ಬೆಟ್ಟ ದಾಟಿಸಲು ಹೊರಟ. ಬೇಡವೆಂದು ಸಲಹೆಗಾರ ಮೂರು ಸಲ ಹೇಳಿದ. ಪದವಿ ಹೋಯಿತು.

"ಅಷ್ಟೆಲ್ಲ ಆದ್ಮೇಲೂ ಯಾಕೆ ಹೇಳ್ಬೇಕಿತ್ತು ಅಂಕಲ್? ಸುಮ್ನಿರಬಹುದಿತ್ತಲ್ಲ."

"ಅವನ ಕೆಲಸವೇ ಅದಲ್ವಾ ಮಾರಾಯಾ, ಹೇಳುದು!"

ಆ ಬೇಸಿಗೆಯಲ್ಲಿ ಮಾಲೀಕರು ಹನ್ನೆರಡು ಮಂದಿ ಕೆಲಸಗಾರರನ್ನು ಗೋದಾಮಿನ ತಗಡು ಛಾವಣಿಯ ಅಟ್ಟದಲ್ಲಿ ಇರಿಸಲು ಹೊರಟರು. ಸೆಕೆಗೆ ಸಾಯುತ್ತಾರೆ, ಬೇಡ ಎಂದರು ಅಂಕಲ್. ಮರುದಿನ ಮತ್ತೆ ಹೇಳಿದರು. ಮೂರನೆಯ ದಿನ ಮಾಲೀಕರು ನನ್ನನ್ನು ಕರೆಸಿ, ಮೇಲೆ ಅಷ್ಟು ಬಿಸಿಯಿದೆಯಾ ಎಂದು ಅರೆಬರೆ ಹಿಂದಿಯಲ್ಲಿ ಕೇಳಿದರು. ಅಂಕಲ್ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನವೀಕರಣವಾಗಬೇಕಿತ್ತು... ಪರವಾಗಿಲ್ಲ ಎಂದುಬಿಟ್ಟೆ.

"ಖಲಾಸ್," ಎಂದರು ಮಾಲೀಕರು.

ಎರಡು ವಾರದೊಳಗೆ ಅಂಕಲ್ ವೀಸಾ ರದ್ದಾಗಿ ಊರಿಗೆ ಹೊರಟರು. ವಿಮಾನ ನಿಲ್ದಾಣದವರೆಗೂ ಜೊತೆಗೆ ಹೋದೆ. ಬೈದಿದ್ದರೆ ಹಗುರಾಗುತ್ತಿತ್ತು. "ಆ ಜನಕ್ಕೆ ಕುಡಿಯುವ ನೀರು ಸರಿ ಸಿಗ್ತದಾ ಅಂತ ಒಮ್ಮೆ ನೋಡು, ಆಯ್ತಾ?" ಎಂದರು, ಅಷ್ಟೇ.

ಆಗಸ್ಟಿನಲ್ಲಿ ಅಟ್ಟದ ಮೇಲೆ ಇಬ್ಬರು ಪ್ರಜ್ಞೆ ತಪ್ಪಿ ಬಿದ್ದರು. ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಬದುಕಿಕೊಂಡರು. ಮಾಲೀಕರು ಎಲ್ಲರನ್ನೂ ಬೇರೆಡೆಗೆ ಸಾಗಿಸಿ, ಅಂಕಲ್‌ರನ್ನು ವಾಪಸ್ ಕರೆಸು ಎಂದರು. ಮಂಗಳೂರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಮೊದಲು ವಿಚಾರಿಸಿದ್ದು ಆ ಇಬ್ಬರನ್ನು.

"ಆರಾಮಿದ್ದಾರಲ್ವಾ? ಹಾಗಾದ್ರೆ ಸಾಕು. ನಾನು ಬರುದಿಲ್ಲ."

ಕಥೆಯ ಸಲಹೆಗಾರನ ಗತಿ ಏನಾಯಿತೆಂದು ಕೇಳಿದೆ.

"ಅವನಾ? ಒಡೆಯ ಸೋತು ಬಂದು ಬಾಗಿಲು ತಟ್ಟಿದ. ಅವನು ಮನೆಯಲ್ಲಿ ಇರ್ಲಿಲ್ಲ ಮಾರಾಯಾ, ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸ್ಲಿಕ್ಕೆ ಹೋಗಿದ್ದ."

ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂದಿತ್ತು. ಲೈನ್ ಕಟ್ಟಾಯಿತು.

ಮುಂದಿನ ರಜೆಯಲ್ಲಿ ಮಂಗಳೂರಿಗೆ ಹೋಗಿ ಎದುರು ಕೂತೇ ಹೇಳೋಣವೆಂದುಕೊಂಡೆ. ರಜೆಗಳು ಬಂದುಹೋದವು... ಅವರು ತೀರಿಕೊಂಡ ಸುದ್ದಿ ಬಂದು ಎಷ್ಟೋ ವರ್ಷಗಳಾದವು. ಆ ಕಂಪನಿ ಬಿಟ್ಟ ಮೇಲೆ ನಾನು ಎರಡು ಕೆಲಸ ಕಳೆದುಕೊಂಡೆ, ಎರಡು ಸಲವೂ ಹೇಳಬೇಕಾದ್ದನ್ನು ಹೇಳಿಯೇ. ಹೆಂಡತಿಗೆ ಗಾಬರಿಯಾಯಿತು, ಗೆಳೆಯರು ಬೈದರು. ಶಭಾಷ್ ಎನ್ನಬಹುದಾಗಿದ್ದವರು ಒಬ್ಬರಿದ್ದರು, ಅವರಿಗೆ ತಿಳಿಸಲಾಗಲಿಲ್ಲ.