ಆರು ಪ್ರತಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಮಲ್ಲೇಶ್ವರದ ನಮ್ಮ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯಿದೆ. ಸಮಿತಿ ಎಂದರೆ ಹಲವರು. ಆದರೆ ಬುಧವಾರ ಮಧ್ಯಾಹ್ನ ಆ ಕೋಣೆಯಲ್ಲಿ ಕೂರುವವಳು ನಾನೊಬ್ಬಳೇ. ಡಬ್ಬಿಯ ಊಟ ಮುಗಿಸಿ, ಬಾಗಿಲು ನೋಡುತ್ತಾ ಕೂತು, ಬೀಗ ಹಾಕಿ ಹೋಗುತ್ತಿದ್ದೆ. ಒಂದು ವರ್ಷ ಯಾರೂ ಬರಲಿಲ್ಲ.

ಕೊನೆಗೆ ಒಬ್ಬಳು ಬಂದಳು. ಜೊತೆಗೆ ಓಡಾಡುತ್ತಿದ್ದ ಸಹಪಾಠಿಗೆ ಇನ್ನು ಬೇಡ ಎಂದಿದ್ದಕ್ಕೆ ಅವನು ಅವಳ ಕೈ ತಿರುಚಿದ್ದ. ಎರಡು ಪುಟ ಬರೆದು ತಂದಿದ್ದಳು.

"ಆರು ಪ್ರತಿ ಕೊಡ್ಬೇಕಮ್ಮ, ನಿಯಮ ಅದು. ಗೇಟಿನೆದುರು ಜೆರಾಕ್ಸ್ ಅಂಗಡಿ ಇದೆಯಲ್ಲ?"

"ಅವನು ದಿನಾ ಅಲ್ಲೇ ನಿಂತಿರ್ತಾನೆ ಮೇಡಂ."

ಅವಳು ಕಾಗದ ಮಡಚತೊಡಗಿದಳು. ಆಫೀಸಿನ ಯಂತ್ರಕ್ಕೆ ಕೊಟ್ಟರೆ ಹತ್ತು ಜನ ಓದುತ್ತಾರೆ. ಹಾಗೇ ಕಳಿಸಿದರೆ ಇವಳು ಮತ್ತೆ ಬರುವುದಿಲ್ಲ.

"ಕೊಡು, ನಾನೇ ಬರೀತೀನಿ."

ಐದು ಪ್ರತಿ ಕೈಯಲ್ಲೇ ಬರೆದೆ. ಅವಳು ಎದುರು ಕೂತು ಒಂದೊಂದನ್ನೂ ಓದಿದಳು.

"ಮೇಡಂ, ಇದ್ರಲ್ಲಿ ಅವನ ಹೆಸರೇ ಬಿಟ್ಟಿದೀರ."

ನನ್ನ ಪೆನ್ನು ತಗೊಂಡು ತಾನೇ ದಪ್ಪಗೆ ಬರೆದಳು.

ಆ ಪ್ರತಿ ಸಮಿತಿಯ ಅಧ್ಯಕ್ಷೆಯ ಕೈಗೇ ಹೋಯಿತು. "ಜೆರಾಕ್ಸ್ ಮಾಡಿಸೋಕೆ ಏನ್ರೀ ಕಷ್ಟ? ನಿಮ್ಮ ಅಕ್ಷರ ಓದೋಕೇ ಆಗಲ್ಲ. ಈ ಹುಡುಗನ ಹೆಸರೊಂದು ಮಾತ್ರ ಚೆನ್ನಾಗಿ ಕಾಣ್ತಿದೆ" ಎಂದರು.