ಮೇಲಿನ ಮೂಡುಬಾಗಿಲು

ತೆಂಕಣ ಬಾಗಿಲ ಹತ್ತಿರ ಕೋಟೆಗೋಡೆ ಹತ್ತುವ ಮೊದಲು ರುನ್‌ಲಿಯನ್ ತನ್ನ ಜನರನ್ನು ಎಣಿಸಿದಳು. ಒಂಬತ್ತು. ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಇನ್ನೊಮ್ಮೆ ಎಣಿಸಿದಳು. ಒಂಬತ್ತೇ. ಚೀನಾದ ಪಿಂಗ್‌ಯಾವ್ ಊರಿನ ಉಳಿದ ಗೈಡುಗಳೆಲ್ಲ ಈ ಎಣಿಕೆಗಾಗಿ ಅವಳನ್ನು ಆಡಿಕೊಳ್ಳುತ್ತಿದ್ದರು. "ರುನ್‌ಲಿಯನ್ ಅಕ್ಕ ಮಲಗೋ ಮುಂಚೆ ಗಂಡನ್ನೂ ಎರಡ್ಸಲ ಎಣಿಸ್ತಾಳೆ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಎಣಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅವಳದು ಮೊದಲಿನಿಂದಲೂ ಪುಕ್ಕಲು ಜೀವ. ಊರಾಚೆಯ ಜೋಳದ ಹೊಲಗಳ ನಡುವಿನ ಹಳ್ಳಿಯಲ್ಲಿ ಹುಟ್ಟಿ, ಇಪ್ಪತ್ತೆರಡಕ್ಕೆ ಮದುವೆಯಾಗಿ ಕೋಟೆಯೊಳಗಿನ ಮನೆಗೆ ಬಂದವಳು. ಹತ್ತೊಂಬತ್ತು ವರ್ಷ ಅರಗು ಬಳಿದ ಪೆಟ್ಟಿಗೆಗಳನ್ನು ಬರಿಯ ಅಂಗೈಯಿಂದ ಉಜ್ಜಿ ಉಜ್ಜಿ ಹೊಳಪು ಬರಿಸುವ ಕೆಲಸ ಮಾಡಿದಳು. ಕೊನೆಕೊನೆಗೆ ಅರಗಿನ ನಂಜು ಏರಿ ಮುಖ, ಕಣ್ಣು ಊದಿಕೊಳ್ಳತೊಡಗಿದಾಗ ಡಾಕ್ಟರು ಆ ಕೆಲಸ ಬಿಡಿಸಿದರು. ಆಮೇಲೆ ಗೈಡ್ ಪರೀಕ್ಷೆಗೆ ಕೂತಳು. ಎರಡು ಸಲ ಫೇಲಾಗಿ, ಮೂರನೇ ಸಲ, ನಲವತ್ತೆರಡನೇ ವಯಸ್ಸಿಗೆ ಪಾಸಾದಳು. ಹೊಸ ಕೆಲಸ ಕೈಗೆ ಹಿತವಾಗಿತ್ತು, ಮನಸ್ಸಿಗಲ್ಲ. ಪೆಟ್ಟಿಗೆ ಕೈಜಾರಿದರೆ ಇನ್ನೊಂದು ಮಾಡಬಹುದು, ಮನುಷ್ಯ ಕೈತಪ್ಪಿದರೆ ಏನು ಮಾಡುವುದು? ಐದು ವರ್ಷಗಳಿಂದ ಈ ಒಂದು ಯೋಚನೆ ಅವಳ ಜೊತೆಗೇ ಊರು ಸುತ್ತುತ್ತಿತ್ತು.

ಆ ದಿನ ಜುಲೈ ತಿಂಗಳ ಬಿಸಿಲು. ಎರಡು ಗಂಟೆಯ ಸಣ್ಣ ಸುತ್ತಾಟ. ಕೋಟೆಗೋಡೆಯ ಮೇಲೆ ತೆಂಕಣ ಬಾಗಿಲಿಂದ ಹೊರಟು ಮೂಲೆ ತಿರುಗಿ, ಮೂಡಣ ಬದಿಯಲ್ಲಿ ಇಳಿಯುವುದು, ಅಲ್ಲಿಂದ ನಗರದೇವರ ಗುಡಿ. ಮೆಟ್ಟಿಲ ಹತ್ತಿರ ಜುವೊ ಮೇಷ್ಟ್ರು ನಿಂತುಬಿಟ್ಟರು. ತೆಂಕಣ ಕಡಲತೀರದ ಫೂಜಿಯನ್ ಕಡೆಯವರು, ಎಪ್ಪತ್ತಾರು ವರ್ಷ, ಮಗಳು ಮಿನ್‌ಚಿನ್ ಜೊತೆಗೆ ಬಂದಿದ್ದರು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ಸಿಲ್ಲು.

"ಈ ಮೆಟ್ಟಿಲು ನನ್ನ ಮಂಡಿಗೆ ಆಗೋ ಮಾತಲ್ಲ. ನೀವು ಹತ್ತಿ. ನಾನು ಪೇಟೆ ನೋಡ್ಕೊಂಡು ಬರ್ತೀನಿ. ಎಲ್ಲಿ ಇಳೀತೀರಿ?"

"ಮೇಲಿನ ಮೂಡುಬಾಗಿಲಲ್ಲಿ, ಮೇಷ್ಟ್ರೇ. ಮೂರೂವರೆಗೆ ಅಲ್ಲಿರ್ತೀವಿ."

ಮೇಷ್ಟ್ರು ಉಳಿದುಕೊಂಡಿದ್ದ ಛತ್ರದವರು ಕೊಟ್ಟ ನಕ್ಷೆ ಬಿಡಿಸಿ, ಕನ್ನಡಕ ಏರಿಸಿ, ಪೆನ್ಸಿಲಿನಿಂದ ಒಂದು ಗುಂಡು ಸುತ್ತು ಹಾಕಿದರು.

"ಅಪ್ಪ, ಇಲ್ಲೇ ಟೀ ಅಂಗಡೀಲಿ ಕೂತಿರು. ನಾವೇ ಬಂದು ಕರ್ಕೊಂಡು ಹೋಗ್ತೀವಿ" ಎಂದಳು, ಟಿಕೆಟ್ ತೋರಿಸಿ ಆಗಷ್ಟೇ ಬಂದ ಮಿನ್‌ಚಿನ್.

"ನಲವತ್ತು ವರ್ಷ ಭೂಗೋಳ ಪಾಠ ಮಾಡಿದೀನಿ ಕಣೇ. ನಕ್ಷೆ ಕೈಲಿಟ್ಕೊಂಡು ನಾನು ದಾರಿ ತಪ್ಪಿದ್ರೆ ಪಿಂಚಣಿ ವಾಪಸ್ ಕೊಟ್ಬಿಡ್ತೀನಿ."

ಎಲ್ಲರೂ ನಕ್ಕರು. ರುನ್‌ಲಿಯನ್ನಳಿಗೆ ಒಳಗೊಳಗೇ ಒಪ್ಪಿಗೆ ಇರಲಿಲ್ಲ. ಆದರೆ ಮೇಷ್ಟ್ರ ಮುಂದೆ ಎದುರಾಡುವ ಧೈರ್ಯ ಅವಳಿಗೆ ಚಿಕ್ಕಂದಿನಿಂದಲೂ ಇರಲಿಲ್ಲ. ತಲೆಯಾಡಿಸಿದಳು.

ಗೋಡೆಯ ಮೇಲೆ ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಊರು ಆಮೆಯ ಆಕಾರದ್ದು, ತಲೆ ತೆಂಕಲಿಗೆ, ಬಾಲ ಬಡಗಲಿಗೆ, ಪಕ್ಕದ ನಾಲ್ಕು ಬಾಗಿಲುಗಳೇ ನಾಲ್ಕು ಕಾಲು ಎಂದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಕೋಟೆತೆನೆಯ ಸಂದಿನಲ್ಲಿ ಮುಖವಿಟ್ಟು ಫೋಟೊ ತೆಗೆಸಿಕೊಂಡಿತು. ರುನ್‌ಲಿಯನ್ ಮಾತಿನ ನಡುವೆ ಎಂಟು ಎಂದು ಎಣಿಸಿ ಬೆಚ್ಚುತ್ತಿದ್ದಳು, ಆಮೇಲೆ ಮೇಷ್ಟ್ರು ಕೆಳಗಿದ್ದಾರೆ ಎಂದು ನೆನೆದು ಸುಮ್ಮನಾಗುತ್ತಿದ್ದಳು.

ಮೂರೂವರೆಗೆ ಇಳಿದಾಗ ಬಾಗಿಲಲ್ಲಿ ಮೇಷ್ಟ್ರು ಇರಲಿಲ್ಲ.

ಹತ್ತು ನಿಮಿಷ ಕಾದರು. ಬಾಗಿಲ ಕಮಾನಿನ ಕೆಳಗೆ ನೆರಳಿತ್ತು, ಇಬ್ಬರು ಮುದುಕರು ಚದುರಂಗ ಆಡುತ್ತಿದ್ದರು. ಇಸ್ತ್ರಿ ಅಂಗಿಯ ಯಾರನ್ನೂ ನೋಡಿಲ್ಲ ಎಂದರು. ಮಿನ್‌ಚಿನ್ ಫೋನು ಮಾಡಿದಳು. ಅವಳ ಚೀಲದೊಳಗೇ ಒಂದು ಫೋನು ಗುಯ್ಯೆಂದಿತು. ಚಾರ್ಜಿಗೆಂದು ಬೆಳಿಗ್ಗೆ ಅಪ್ಪನ ಫೋನನ್ನು ಅವಳೇ ಇಸಿದುಕೊಂಡಿದ್ದಳು. ಅದನ್ನು ಹೊರತೆಗೆಯುವಾಗ ಒಂದು ಸಣ್ಣ ಡಬ್ಬಿಯೂ ಕೈಗೆ ಬಂತು. ಬಿಸ್ಕತ್ತು, ನಾಲ್ಕು ಸಕ್ಕರೆ ಗಟ್ಟಿ. ಅದನ್ನು ನೋಡುತ್ತಿದ್ದಂತೆ ಮಿನ್‌ಚಿನ್ ಮುಖ ಸುಣ್ಣದಂತಾಯಿತು.

"ಅಯ್ಯೋ. ಇದೂ ನನ್ನ ಹತ್ರಾನೇ ಇದೆ."

"ಏನದು?"

"ಅಪ್ಪಂಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಕೊಂಡ್ರು. ಆಮೇಲೆ ನಿಮ್ಮೂರ ನೂಡಲ್ಸಿಗೆ ವಿನೆಗರ್ ಜಾಸ್ತಿ ಅಂತ ಮುಕ್ಕಾಲು ಹಾಗೇ ಬಿಟ್ರು. ಈ ಬಿಸಿಲಲ್ಲಿ ನಡೆದು ಸಕ್ಕರೆ ಇಳಿದುಬಿಟ್ರೆ... ಹೋದ ವರ್ಷ ಹಿಂಗೇ ಆಗಿ ಬಚ್ಚಲಲ್ಲಿ ಬಿದ್ದಿದ್ರು. ಇನ್ನೊಂದರ್ಧ ಗಂಟೆ ಆಗಿದ್ರೆ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು."

ರುನ್‌ಲಿಯನ್ ಉಳಿದವರನ್ನು ಕಮಾನಿನ ನೆರಳಲ್ಲಿ ಕೂರಿಸಿ, ಏಜೆನ್ಸಿಯ ಮ್ಯಾನೇಜರನಿಗೆ ಫೋನು ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಪೊಲೀಸರಿಗೆ ನಾನು ಹೇಳ್ತೀನಿ. ನೀನು ಒಂದು ಕೆಲಸ ಮಾಡು ಅಕ್ಕ. ಯಾರು ಕೇಳಿದ್ರೂ, 'ತೆಂಕಣ ಬಾಗಿಲ ಟೀ ಅಂಗಡೀಲೇ ಕೂತಿರಿ ಅಂದಿದ್ದೆ, ಅವರಾಗೇ ಎದ್ದು ಹೋದ್ರು' ಅನ್ನು. ತಿಳೀತಾ? ವಯಸ್ಸಾದೋರನ್ನ ಒಬ್ಬರನ್ನೇ ಬಿಡಬಾರದು ಅಂತ ನಿಯಮ ಇದೆ. ನಿನ್ನ ಬಿಲ್ಲೆ ಹೋಗುತ್ತೆ."

ಎದೆಯ ಮೇಲೆ ತೂಗುತ್ತಿದ್ದ ಗೈಡಿನ ಬಿಲ್ಲೆಯನ್ನು ಅವಳು ಅರಿವಿಲ್ಲದೆ ಮುಷ್ಟಿಯಲ್ಲಿ ಹಿಡಿದಿದ್ದಳು. ಹಿಂದಿನಿಂದ ಮಿನ್‌ಚಿನ್ ಕೇಳಿದಳು, "ಗೈಡಮ್ಮ, ನೀವು ಅಪ್ಪಂಗೆ ಸರಿಯಾಗಿ ಏನು ಹೇಳಿದ್ರಿ? ನಾನು ಆಗ ಟಿಕೆಟ್ ತೋರಿಸ್ತಾ ಇದ್ದೆ, ಪೂರ್ತಿ ಕೇಳಿಸ್ಲಿಲ್ಲ."

ರುನ್‌ಲಿಯನ್ ಸುಳ್ಳು ಹೇಳಲಿಲ್ಲ, ನಿಜವೂ ಬರಲಿಲ್ಲ. "ಮೊದಲು ಹುಡುಕೋಣ ಬನ್ನಿ" ಎಂದಷ್ಟೇ ಅಂದು ಗುಡಿಬೀದಿಯ ಕಡೆ ಓಡಿದಳು. ಓಡುತ್ತಲೇ ತಾನು ತಪ್ಪಿಸಿಕೊಂಡೆನೆಂದು ಅವಳಿಗೇ ಗೊತ್ತಾಯಿತು. ಅದೊಂದು ಬೇರೆಯೇ ಹೆದರಿಕೆಯಾಗಿ ಮೊದಲಿನ ಹೆದರಿಕೆಯ ಪಕ್ಕ ಬಂದು ಕುಳಿತಿತು.

ದಾರಿಯುದ್ದಕ್ಕೂ ಕೇಳಿದಳು. ಕಾಗದ ಕತ್ತರಿಸಿ ಚಿತ್ತಾರ ಮಾಡುವವನು ನೋಡಿಲ್ಲವೆಂದ. ಬಾಚಣಿಗೆ ಮಾರುವವಳು ಇವತ್ತು ಮುದುಕರೇ ಬಂದಿಲ್ಲವೆಂದಳು. ಪ್ರತಿ ಹೊಸಿಲ ಮೇಲೂ ರುನ್‌ಲಿಯನ್ನಳ ಕಣ್ಣಿಗೆ ಬಿದ್ದಿರುವ ಮನುಷ್ಯನೇ ಕಾಣುತ್ತಿದ್ದ. ಹತ್ತಿರ ಹೋದರೆ ಅದು ಮೂಟೆ, ಇಲ್ಲವೆ ಮಲಗಿದ ನಾಯಿ. ಕೋಟೆಯೊಳಗಿನ ಓಣಿಗಳು ಎಷ್ಟು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದವಳು ಅವಳು. ಈಗ ಆ ಒಂದೊಂದು ಓಣಿಯೂ ಬಾಯಿ ತೆರೆದುಕೊಂಡು ನಿಂತಹಾಗಿತ್ತು.

ಗುಡಿಬೀದಿ ಪೇಟೆಬೀದಿಗೆ ಸೇರುವಲ್ಲಿ ಹಾವ್ ಅತ್ತಿಗೆಯ ಕೈಗಾಡಿ. ಹಿಟ್ಟನ್ನು ಬೇಯಿಸಿ ತಟ್ಟೆಯಲ್ಲಿ ಹೆಪ್ಪಾಗಿಸಿ, ಕತ್ತರಿಸಿ, ಬೆಳ್ಳುಳ್ಳಿ ಖಾರ ಸುರಿದು ಕೊಡುವ ವಾನ್‌ತುವೊ ಮಾರುವವಳು. ರುನ್‌ಲಿಯನ್ ಕೇಳಿದ್ದೇ ತಡ, ಸೌಟು ಎತ್ತಿಕೊಂಡಳು.

"ಇಸ್ತ್ರಿ ಅಂಗಿ ಮುದುಕನಾ? ಪೆನ್ಸಿಲು? ಬಂದಿದ್ದ ಮಹಾರಾಯ! ಮೇಲಿನ ಮೂಡುಬಾಗಿಲು ಎಲ್ಲಮ್ಮಾ ಅಂದ. ಇದೇ ಬೀದೀಲಿ ನೆಟ್ಟಗೆ ಹೋಗು ಅಂದೆ. ತಲೆ ಅಲ್ಲಾಡಿಸಿ ನಕ್ಷೆ ಬಿಚ್ಚಿದ. 'ಇಲ್ಲ ತಾಯಿ, ಇದು ಕೆಳಗಿಂದು. ಮೇಲಿಂದು ಅಲ್ಲಿದೆ' ಅಂತ ನನಗೇ ಪಾಠ! ಅಲ್ಲ ಕಣೇ, ಈ ಊರಲ್ಲೇ ಹುಟ್ಟಿ, ಈ ಊರಲ್ಲೇ ಮೂರು ಹೆತ್ತಿದೀನಿ, ನನ್ನೂರ ಬಾಗಿಲು ನನಗೇ ತೋರಿಸ್ತಾನೆ. ಹೋಗಪ್ಪಾ ನಿನ್ನ ಕಾಗದ ಹೇಳ್ದಂಗೇ ಹೋಗು ಅಂದೆ. ಹೋದ."

"ಯಾವ ಕಡೆ?"

"ಬಡಗಲಿಗೆ. ಪೇಟೆಬೀದಿ ನಡುವಿನ ಗೋಪುರದ ಕೆಳಗೆ ನುಸುಳಿ ಹೋದ."

ರುನ್‌ಲಿಯನ್ ನಿಂತಲ್ಲೇ ನಿಂತಳು. ಮೂಡಣ ಗೋಡೆಗೆ ಎರಡು ಬಾಗಿಲು. ಕಲ್ಲಿನಲ್ಲಿ ಕೆತ್ತಿದ ದೊಡ್ಡ ಹೆಸರುಗಳು ಬೇರೆ ಇವೆ, ನಕ್ಷೆಯಲ್ಲೂ ಅವೇ ಇರುತ್ತವೆ. ಊರವರ ಬಾಯಲ್ಲಿ ಮಾತ್ರ ಅವು ಮೇಲಿನದು, ಕೆಳಗಿನದು. ತೆಂಕಲಿಗಿರುವುದು ಮೇಲಿನದು, ಬಡಗಲಿಗಿರುವುದು ಕೆಳಗಿನದು. ಆಮೆಯ ತಲೆ ಇರುವ ಕಡೆಯೇ ಮೇಲು ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟಿದ್ದಳು. ಇಪ್ಪತ್ತೈದು ವರ್ಷ ಹಾಗೆಯೇ ಹೇಳಿ ಹೇಳಿ, ಮೇಲು ಎನ್ನುವುದಕ್ಕೆ ಬೇರೆ ಅರ್ಥ ಉಂಟೆಂಬುದೇ ಅವಳಿಗೆ ಮರೆತುಹೋಗಿತ್ತು. ನಕ್ಷೆಯಲ್ಲಿ ಬಡಗಲು ಮೇಲಿರುತ್ತದೆ. ನಲವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟ ಮೇಷ್ಟ್ರು ಎರಡು ಗುರುತುಗಳಲ್ಲಿ ಮೇಲಿನದಕ್ಕೇ ಪೆನ್ಸಿಲು ಸುತ್ತಿದ್ದರು.

"ಮಿನ್‌ಚಿನ್, ಕೇಳಿ" ಎಂದಳು. "ನಾನು ಅವರಿಗೆ ಮೇಲಿನ ಮೂಡುಬಾಗಿಲಿಗೆ ಬನ್ನಿ ಅಂದಿದ್ದೆ. ನಮ್ಮೂರ ಮಾತಲ್ಲಿ ಹೇಳಿದೆ. ಬಿಡಿಸಿ ಹೇಳ್ಲಿಲ್ಲ. ಅವರು ನಕ್ಷೆ ನೋಡಿ ಇನ್ನೊಂದಕ್ಕೆ ಹೋಗಿದಾರೆ. ಟೀ ಅಂಗಡೀಲಿ ಕೂತ್ಕೊಳ್ಳಿ ಅಂತ ನೀವು ಅಂದ್ರಿ, ನಾನು ಅನ್ಲಿಲ್ಲ. ತಪ್ಪು ನಂದು."

ಮಿನ್‌ಚಿನ್ ಅವಳನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ಆಗಲೇ ಹೇಳ್ಬೇಕಿತ್ತು" ಎಂದಳು. "ನಾನು ಕೇಳ್ದಾಗಲೇ."

ಹಾವ್ ಅತ್ತಿಗೆ ಗಾಡಿಯಡಿಯಿಂದ ತನ್ನ ಬ್ಯಾಟರಿ ಸ್ಕೂಟರಿನ ಕೀಲಿಯನ್ನು ಎಸೆದಳು. "ಜಗಳ ಆಮೇಲೆ ಆಡ್ಕೊಳ್ಳಿ. ತಗೊಂಡ್ಹೋಗು. ಬ್ರೇಕು ಸ್ವಲ್ಪ ಕಮ್ಮಿ ಇದೆ, ಕಾಲು ಊರು."

ಇಬ್ಬರೂ ಹೊರಟರು. ಪೇಟೆಬೀದಿಯ ಜನಸಂದಣಿಯಲ್ಲಿ ರುನ್‌ಲಿಯನ್ "ದಾರಿ, ದಾರಿ" ಎಂದು ಕೂಗುತ್ತಲೇ ಇದ್ದಳು. ಬೆನ್ನ ಹಿಂದೆ ಮಿನ್‌ಚಿನ್ ಆಂಬುಲೆನ್ಸಿಗೆ ಫೋನಿನಲ್ಲಿ, "ಯಾವ ಬಾಗಿಲು ಅಂದ್ರೆ..." ಎಂದು ತಡವರಿಸಿದಳು. "ಕೆಳಗಿನ ಮೂಡುಬಾಗಿಲು! ಊರೋರಿಗೆ ಕೆಳಗಿನದು ಅಂತಾನೇ ಹೇಳಿ!" ಎಂದು ರುನ್‌ಲಿಯನ್ ಅರಚಿದಳು. ಗೋಪುರ ದಾಟಿ ಬಲಕ್ಕೆ ತಿರುಗಿದರೆ ನೆಟ್ಟನೆಯ ಬೀದಿ, ತುದಿಯಲ್ಲಿ ಬಾಗಿಲು. ಅಷ್ಟು ಹತ್ತಿರದ ಬಾಗಿಲು ಅವತ್ತು ಎಷ್ಟು ಓಡಿಸಿದರೂ ಹತ್ತಿರ ಬರುತ್ತಿರಲಿಲ್ಲ. ಗಂಟೆ ನಾಲ್ಕೂ ಹತ್ತು. ಮೂರೂವರೆಗೆ ಮೊದಲೇ ಬಂದು ಕಾಯುವ ಜಾತಿಯ ಮನುಷ್ಯ. ಮುಕ್ಕಾಲು ಗಂಟೆಯಾದರೂ ಆಗಿರಬೇಕು.

ಬಾಗಿಲ ಕಮಾನಿನಡಿ ಯಾರೂ ಇರಲಿಲ್ಲ. ಅದರಾಚೆ ಒಳಬಾಗಿಲು ಹೊರಬಾಗಿಲುಗಳ ನಡುವೆ ನಾಲ್ಕು ಕಡೆಯೂ ಗೋಡೆಯೆದ್ದ ಅಂಗಳ, ಬಾಣಲೆಯ ಹಾಗೆ ಕಾದಿತ್ತು. ಅಲ್ಲೂ ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೋಡೆಯ ಬುಡದಲ್ಲಿ ಬಿದ್ದಿದ್ದ ಪೆನ್ಸಿಲು ಕಂಡಿತು. ಅದರ ಆಚೆ ಕಲ್ಲಿಗೊರಗಿ ಕೂತಿದ್ದ ಮೇಷ್ಟ್ರು. ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ಮೈಗಂಟಿತ್ತು. ತುಟಿ ಬಿಳಿಚಿ, ಕೈ ಒಂದೇ ಸಮನೆ ಅದುರುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ಆ ಕಣ್ಣಲ್ಲಿ ಇವರಿಬ್ಬರೂ ಇರಲಿಲ್ಲ.

"ಅಪ್ಪಾ!"

"ಕೂತ್ಕೋ" ಎಂದರು ಮೇಷ್ಟ್ರು, ತೊದಲುತ್ತ. "ಗಂಟೆ ಹೊಡೆದಾಯ್ತು. ಲೇಟಾಗಿ ಬರೋರು ಹಿಂದಿನ ಬೆಂಚು."

ಮಿನ್‌ಚಿನ್ ಡಬ್ಬಿ ತೆರೆಯಲು ಹೋಗಿ ನೆಲಕ್ಕೆ ಚೆಲ್ಲಿದಳು. ರುನ್‌ಲಿಯನ್ ಮಂಡಿಯೂರಿ ಸಕ್ಕರೆ ಗಟ್ಟಿ ಆರಿಸಿ, ತನ್ನ ನೀರಿನ ಬಾಟಲಿಯ ಮುಚ್ಚಳದಲ್ಲಿ ಕದಡಿದಳು. ಮೇಷ್ಟ್ರು ಮುಖ ತಿರುವಿದರು.

"ಬೇಡ. ಕ್ಲಾಸಲ್ಲಿ ತಿನ್ನಬಾರದು."

ಗದ್ದ ಹಿಡಿದ ಅವಳ ಕೈಯನ್ನು ತಳ್ಳಿದರು, ಸಕ್ಕರೆ ನೀರು ತೋಳಿನ ಮೇಲೆ ಹರಿಯಿತು. ರುನ್‌ಲಿಯನ್ನಳಿಗೆ ಅಳು ಉಕ್ಕಿ ಬಂತು. ಅಳುತ್ತ ಕೂತರೆ ಕಣ್ಣೆದುರೇ ಈ ಜೀವ ಹೋಗುತ್ತದೆ. ಎದ್ದು ನಿಂತು, ಕೈಕಟ್ಟಿ, ತಲೆ ತಗ್ಗಿಸಿದಳು.

"ಮೇಷ್ಟ್ರೇ, ತಪ್ಪಾಯ್ತು. ನಾನೇ ಲೇಟು. ಹೆಡ್‌ಮಾಸ್ಟ್ರು ಇದನ್ನ ನಿಮಗೆ ಕುಡಿಸಿ ಬಾ ಅಂದ್ರು. ನೀವು ಕುಡೀದಿದ್ರೆ ನನ್ನನ್ನ ಒಳಗೆ ಸೇರಿಸಲ್ಲ."

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಅಥವಾ ಹೆದರಿದವಳಿಗೆ ಅದು ಬಹಳ ಹೊತ್ತಾಗಿ ಕಂಡಿತು. ಆಮೇಲೆ ಬಾಯಿ ತೆರೆದರು. ಒಂದು ಮುಚ್ಚಳ. ಗಂಟಲ ಮಣಿ ಮೇಲೆ ಕೆಳಗೆ ಆಡಿತು. ಇನ್ನೊಂದು ಮುಚ್ಚಳ. ಮೂರನೆಯದರಲ್ಲಿ ಅರ್ಧ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಮಿನ್‌ಚಿನ್ ಹೊಸ ಗಟ್ಟಿ ಕದಡಿ ಕೊಡುತ್ತಲೇ ಹೋದಳು. ಎಲ್ಲೋ ದೂರದಲ್ಲಿ ಆಂಬುಲೆನ್ಸಿನ ಕೂಗು ಕೇಳಿಸಿತು, ನಿಂತಿತು, ಮತ್ತೆ ಹತ್ತಿರದಲ್ಲಿ ಕೇಳಿಸಿತು.

ಕೈಯ ಅದುರು ಮೊದಲು ಇಳಿಯಿತು. ಆಮೇಲೆ ಮೇಷ್ಟ್ರ ಕಣ್ಣು ಮಗಳ ಮೇಲೆ ಬಂದು ನಿಂತವು.

"ಮಿನ್‌ಚಿನ್. ಯಾಕೇ ಅಳ್ತಿದೀಯ?" ಎಂದು, ರುನ್‌ಲಿಯನ್ನಳ ಕಡೆ ತಿರುಗಿದರು. "ನೀವು ಮೂರೂವರೆ ಅಂದಿದ್ರಿ."

"ಹೌದು ಮೇಷ್ಟ್ರೇ."

"ನಾನು ಮೂರೂ ಇಪ್ಪತ್ತಕ್ಕೇ ಬಂದಿದ್ದೆ."

"ಗೊತ್ತು ಮೇಷ್ಟ್ರೇ" ಎಂದಳು.

ಆಂಬುಲೆನ್ಸಿನವರು ಸ್ಟ್ರೆಚರು ತಂದರು. ಬೆರಳು ಚುಚ್ಚಿ ರಕ್ತ ನೋಡಿ, ಇನ್ನೂ ಕಡಿಮೆಯೇ ಇದೆ, ಆದರೆ ಏರುತ್ತಿದೆ, ಇವತ್ತು ರಾತ್ರಿ ಆಸ್ಪತ್ರೆಯಲ್ಲೇ ಇರಲಿ ಎಂದರು. ಮೇಷ್ಟ್ರನ್ನು ಗಾಡಿಗೇರಿಸಿದರು. ರುನ್‌ಲಿಯನ್ ಗೋಡೆಗೊರಗಿ ನಿಂತಳು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಮ್ಯಾನೇಜರನ ಕರೆ. ಎತ್ತಿದಳು.

"ಸಿಕ್ಕಿದ್ರು. ಬದುಕಿದಾರೆ" ಎಂದಳು. "ಮೇಲಿನ ಬಾಗಿಲಲ್ಲಿ ಉಳಿದೋರು ಕಾಯ್ತಾ ಇದಾರೆ, ಯಾರನ್ನಾದ್ರೂ ಕಳಿಸಿ. ಮತ್ತೆ ನಾನು ಮಗಳಿಗೆ ನಿಜ ಹೇಳ್ಬಿಟ್ಟಿದೀನಿ." ಆ ಕಡೆಯಿಂದ ಏನೋ ಬೈಗುಳ ಶುರುವಾಯಿತು. ಅವಳು ಫೋನಿಟ್ಟಳು.

ಗಾಡಿಯ ಬಾಗಿಲು ಹಿಡಿದು ನಿಂತಿದ್ದ ಮಿನ್‌ಚಿನ್ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

"ದೂರು ಕೊಡ್ತೀನಾ ಇಲ್ವಾ, ಈಗ ನನಗೆ ಗೊತ್ತಿಲ್ಲ" ಎಂದಳು. "ಆದರೆ ನೀವು ಬನ್ನಿ. ಈ ಊರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ನನಗೆ ಅರ್ಥ ಆಗಲ್ಲ. ಆಸ್ಪತ್ರೇಲಿ ಯಾರಾದ್ರೂ ನಿಮ್ಮೂರ ಮಾತಲ್ಲಿ ಏನಾದ್ರೂ ಹೇಳಿದ್ರೆ, ಬಿಡಿಸಿ ಹೇಳೋಕೆ ಒಬ್ರು ಬೇಕು."

ರುನ್‌ಲಿಯನ್ ಗಾಡಿಯೊಳಗೆ ಹತ್ತಿದಳು. ಮೇಷ್ಟ್ರ ಕಾಲ ಹತ್ತಿರ ಸಣ್ಣ ಸೀಟಿತ್ತು, ಅಲ್ಲಿ ಕೂತಳು. ಹೊದಿಕೆಯಡಿಯಿಂದ ಹೊರಚಾಚಿದ ಪಾದದ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಗಾಡಿ ಹೊರಟು ಎಷ್ಟೋ ಹೊತ್ತಾದರೂ ಅವಳು ಕೈ ತೆಗೆಯಲಿಲ್ಲ. ಅದು ಬೆಚ್ಚಗಾಗುವುದನ್ನೇ ಕಾಯುತ್ತಿದ್ದಳು.